ಗೋಡೆಗೊಂದು ಕೋಟು

ಚಿಕ್ಕವನಿದ್ದಾಗ ನಾನು ಕಂಬಳಿಯೊಳಗೆ ಬಿಸಿ ಇರುತ್ತದೆ ಎಂದೇ ನಂಬಿದ್ದೆ. ಹೊದ್ದರೆ ಬೆಚ್ಚಗಾಗುತ್ತದಲ್ಲ, ಅಂದಮೇಲೆ ಬಿಸಿ ಅದರೊಳಗೇ ಎಲ್ಲೋ ಅಡಗಿರಬೇಕು! ಹೀಗಿರುವಾಗ ಒಂದು ಮಧ್ಯಾಹ್ನ ಐಸ್ ಮಾರುವವನೊಬ್ಬ ಮಂಜುಗಡ್ಡೆಯನ್ನು ದಪ್ಪ ಕಂಬಳಿಯಲ್ಲಿ ಸುತ್ತಿ, ಗಾಡಿಯ ಮೇಲಿಟ್ಟು, ನೀರು ಕುಡಿಯಲು ಹೋದ. ಅಯ್ಯೋ ಪಾಪ, ಎಲ್ಲ ಕರಗಿಹೋಗುತ್ತದಲ್ಲ ಎಂದು ನನ್ನ ಕರುಳು ಚುರ್ ಎಂದಿತು. ಕಂಬಳಿ ಕಿತ್ತೆಸೆದು, ಮಂಜುಗಡ್ಡೆಗೆ ಗಾಳಿ ಬಿಸಿಲು ಧಾರಾಳವಾಗಿ ಸಿಗುವಂತೆ ಮಾಡಿ, ಬಹುಮಾನಕ್ಕಾಗಿ ಕಾದು ನಿಂತೆ. ಸಿಕ್ಕಿತು. ಎರಡೂ ಕಿವಿಗಳಿಗೆ ಸಮನಾಗಿ ಸಿಕ್ಕಿತು! ಕಿವಿ ಹಿಂಡುತ್ತಲೇ ಆತ ಕಲಿಸಿದ ಪಾಠವೆಂದರೆ, ಕಂಬಳಿ ಬಿಸಿ ಮಾಡುವುದೂ ಇಲ್ಲ, ತಣ್ಣಗೆ ಮಾಡುವುದೂ ಇಲ್ಲ. ಒಳಗಿನದನ್ನು ಒಳಗೆ, ಹೊರಗಿನದನ್ನು ಹೊರಗೆ ಇಡುತ್ತದೆ, ಅಷ್ಟೇ.

ಶಾಲೆಯಲ್ಲಿ ಕಲಿತ ವಿಜ್ಞಾನವೆಲ್ಲ ಮರೆತುಹೋಗಿದೆ. ಕಿವಿಯಲ್ಲಿ ಕಲಿತದ್ದು ಮಾತ್ರ ಉಳಿದಿದೆ. ಈ ಏಕೈಕ ಬಂಡವಾಳವನ್ನು ನಂಬಿ ಒಂದು ದಿನ ನಾನು ಹೆಂಡತಿಯ ಮುಂದೆ ಘೋಷಿಸಿದೆ: "ನಮ್ಮ ಗೋಡೆಗೆ ನಾನೇ ಕಂಬಳಿ ಹೊದಿಸ್ತೀನಿ!"

ಗೋಡೆ ಎಂದರೆ ನಮ್ಮ ಮುಂದಿನ ಕೋಣೆಯ, ಬೀದಿಗೆ ಮುಖ ಮಾಡಿದ ಗೋಡೆ. ಮನೆ ಹಳೆಯದು, ನನಗಿಂತ, ನನ್ನ ಅಪ್ಪನಿಗಿಂತ ಹಳೆಯದು. ಬೇಸಿಗೆಯಲ್ಲಿ ಶರಟನ್ನು ಆ ಗೋಡೆಗೆ ಒತ್ತಿ ಹಿಡಿದರೆ ಇಸ್ತ್ರಿ ಮಾಡಿದಂತೆಯೇ. ಚಳಿಗಾಲದಲ್ಲಿ ಅದಕ್ಕೆ ಬೆನ್ನು ತಾಗಿದರೆ ಸತ್ತ ಮುತ್ತಜ್ಜಂದಿರೆಲ್ಲ ಸಾಲಾಗಿ ಕಣ್ಣಮುಂದೆ ಬರುತ್ತಾರೆ. ಹೊರಗೆ ಬಸ್ ನಿಲ್ದಾಣ ಬೇರೆ. ಬಸ್ಸು ಹಾರನ್ ಹೊಡೆದರೆ ನಮ್ಮ ಮಂಚ ಎದ್ದು ಕೂರುತ್ತದೆ!

ನನ್ನ ಮಾವ, ಎಂದರೆ ಹೆಂಡತಿಯ ತಂದೆ, ಹೋದ ವರ್ಷ ನಮ್ಮಲ್ಲಿ ಇರಲೆಂದು ಬಂದವರು, ಆ ಕೋಣೆಯಲ್ಲಿ ಮಲಗಿ, ಹತ್ತಿಪ್ಪತ್ತು ದಿನಕ್ಕೇ ದೊಡ್ಡ ಮಗಳ ಮನೆಗೆ ಹೊರಟುಬಿಟ್ಟರು. ಅವರದು ಜೀವನವಿಡೀ ಟೈಲರ್ ಕೆಲಸ. ಹೋಗುವಾಗ ಗೋಡೆಯನ್ನು ಬೆರಳಿನಿಂದ ಮುಟ್ಟಿ, "ಈ ಬಟ್ಟೆಗೆ ಲೈನಿಂಗ್ ಇಲ್ಲ ಅಳಿಯಂದ್ರೇ" ಎಂದು ಒಂದೇ ಮಾತು ಹೇಳಿದ್ದರು. ದೊಡ್ಡ ಮಗಳದು ಹೊಸ ಮನೆ, ಕಟ್ಟುವಾಗಲೇ ಗೋಡೆಯೊಳಗೆ ಏನನ್ನೋ ತುಂಬಿಸಿದ್ದಾರಂತೆ. ನನ್ನ ಷಡ್ಡಕ ಸಿಕ್ಕಿದಾಗಲೆಲ್ಲ ಆ ಗೋಡೆಯ ಕುಶಲವನ್ನೇ ಮೊದಲು ಹೇಳುತ್ತಾನೆ, ತನ್ನ ಮಕ್ಕಳದ್ದು ಆಮೇಲೆ.

ಈಗ ಮಾವ ಮತ್ತೆ ಬರುವವರಿದ್ದರು. ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ರೀ, ಈ ಸಲವೂ ನಮ್ಮಪ್ಪ ಗೋಡೆ ನೋಡಿ ಓಡಿಹೋದ್ರೆ, ಅಕ್ಕನ ಮುಂದೆ ನಾನು ತಲೆ ಎತ್ತೋ ಹಾಗಿಲ್ಲ. ಅವರು ಇಲ್ಲಿರ್ಬೇಕು ಅಂತ ನಂಗೆಷ್ಟು ಆಸೆ ಗೊತ್ತಾ? ಯಾರಾದ್ರೂ ಕೆಲಸದವರನ್ನ ಕರೀರಿ."

"ಕೆಲಸದವರಾ? ದಿನಾ ಪಾರ್ಸಲ್ ಆಫೀಸಲ್ಲಿ ನಾನು ಏನು ಮಾಡ್ತೀನಿ? ಪ್ಯಾಕಿಂಗ್! ಗಾಜಿನ ಲೋಟ, ಪಿಂಗಾಣಿ ಬೊಂಬೆ, ಗೋಡೆ ಗಡಿಯಾರ... ಯಾವುದಾದ್ರೂ ನನ್ನ ಕೈಲಿ ಒಡೆದಿದೆಯಾ? ಗಡಿಯಾರನೇ ಪ್ಯಾಕ್ ಮಾಡೋನು ಗೋಡೆ ಪ್ಯಾಕ್ ಮಾಡಲಾರೆನಾ?"

"ಗೋಡೆ ಎಲ್ಲಿಗೆ ಕಳಿಸ್ತೀರಿ?" ಎಂದಳು ಮಹಾರಾಯಿತಿ.

ಭಾನುವಾರ ಯುದ್ಧ ಆರಂಭವಾಯಿತು. ಯೋಜನೆ ಬಲು ಸರಳ. ಗೋಡೆಯ ಮೇಲೆ ಮರದ ರೀಪುಗಳನ್ನು ಅಡ್ಡಡ್ಡ ಹೊಡೆಯುವುದು, ನಡುವೆ ಗಾಜಿನ ಉಣ್ಣೆ ತುಂಬುವುದು, ಮೇಲೆ ಬೋರ್ಡು ಹಾಕಿ ಮುಚ್ಚುವುದು. ಮೊದಲ ರೀಪು ನೆಟ್ಟಗೆ ಕೂತರೆ ಉಳಿದವನ್ನು ಅದಕ್ಕೆ ಸಮನಾಗಿ ಹೊಡೆದರಾಯಿತು.

"ಪಕ್ಕದ ಮನೆಯವರ ಹತ್ರ ರಸಮಟ್ಟ ಇದೆ. ಗುಳ್ಳೆ ಮಧ್ಯಕ್ಕೆ ಬಂದ್ರೆ ನೆಟ್ಟಗಿದೆ ಅಂತ. ಇಸ್ಕೊಂಡು ಬರ್ಲಾ?" ಎಂದಳು ಹೆಂಡತಿ.

"ಯಾಕೆ? ದೇವರು ಕೊಟ್ಟ ಎರಡು ಭುಜ ಇಲ್ವಾ?"

ಬನಿಯನ್ನಿನಲ್ಲೇ ಗೋಡೆಗೆ ಬೆನ್ನು ಕೊಟ್ಟು ಸೈನಿಕನಂತೆ ನಿಂತೆ. ರೀಪನ್ನು ಕತ್ತಿನ ಹಿಂದೆ, ಎರಡೂ ಭುಜಗಳ ಮೇಲೆ ಇಟ್ಟುಕೊಂಡೆ. "ಹೂಂ, ಗೆರೆ ಎಳಿ!" ಅವಳು ಪೆನ್ಸಿಲ್‌ನಲ್ಲಿ ಗೆರೆ ಎಳೆದಳು. ಆ ಗೆರೆಯೇ ನಮ್ಮ ಗೋಡೆಗೆ ಸಂವಿಧಾನವಾಯಿತು!

ಆಮೇಲೆ ನಡೆದ ರಾಮಾಯಣವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಉಣ್ಣೆ ಎಂಬ ಮುದ್ದಾದ ಹೆಸರಿನ ಆ ವಸ್ತು ಮೈಗೆ ತಾಗಿದ ಕ್ಷಣದಿಂದ ನಾನು ಕೆರೆದುಕೊಳ್ಳದ ಅಂಗವಿಲ್ಲ. ಆಫೀಸಿನಲ್ಲಿ ನನ್ನ ಪಕ್ಕದಲ್ಲಿ ಕೂತು ಪಾರ್ಸಲ್ ತೂಗುವ ಗ್ರಾಂ (ಮನುಷ್ಯ ಕಪಾಟಿನಷ್ಟು ದೊಡ್ಡವನು, ಆದರೆ ಒಂದು ಗ್ರಾಂ ಹೆಚ್ಚುಕಡಿಮೆಯಾದರೂ ಬಿಡುವವನಲ್ಲ, ಅದಕ್ಕೇ ಆ ಹೆಸರು) ತನ್ನ ಕುರ್ಚಿಯನ್ನು ಗೋಡೆಯವರೆಗೂ ಸರಿಸಿಕೊಂಡ. ಇತ್ತ ಮನೆಯಲ್ಲಿ ಸ್ವಿಚ್ ಬೋರ್ಡನ್ನು ನಾನು ಹೂತುಹಾಕಿದ್ದು ಬೋರ್ಡು ಬಿಗಿದಾದ ಮೇಲೆ ಗೊತ್ತಾಯಿತು. ಫ್ಯಾನು ತಿರುಗುತ್ತಲೇ ಇತ್ತು, ನಿಲ್ಲಿಸುವ ಗುಂಡಿ ಪಾತಾಳದಲ್ಲಿ! ಅಂದಾಜಿನ ಮೇಲೆ ಎಲ್ಲೆಲ್ಲೋ ಕೊರೆದು ಅದನ್ನು ಪತ್ತೆಮಾಡುವ ಹೊತ್ತಿಗೆ ಬೋರ್ಡು ಇಲಿ ಕಚ್ಚಿದಂತಾಗಿತ್ತು. ಅದನ್ನು ಬಿಚ್ಚಿ, ಬೇರೆ ಬೋರ್ಡು ತಂದು, ಮತ್ತೆ ಹೊಡೆದೆ. ಸೋಲುವ ಜಾತಿಯೇ ಅಲ್ಲ ನನ್ನದು!

ಕೊನೆಗೆ ಕಿಟಕಿಯ ಕೆಳಗೆ ಒಂದು ಖಾನೆಗೆ ಉಣ್ಣೆ ಸಾಲದಾಯಿತು. ಅಂಗಡಿ ಮುಚ್ಚಿತ್ತು, ಮಾವ ಮರುದಿನ ಬರುವವರು. ಹಳೆಯ ಬಟ್ಟೆ ಹುಡುಕುತ್ತ ಕಪಾಟು ತೆರೆದರೆ ಎದುರಿಗೇ ನೇತಾಡುತ್ತಿತ್ತು, ನನ್ನ ಮದುವೆಯ ಕೋಟು!

ಆ ಕೋಟನ್ನು ಹೊಲಿದವರು ಸಾಕ್ಷಾತ್ ಮಾವ. ಮದುವೆಯ ಫೋಟೋದಲ್ಲಿ ನೋಡಬೇಕು ನನ್ನನ್ನು. ಒಂದು ಭುಜ ಮೇಲೆ, ಒಂದು ಕೆಳಗೆ, 'ನಂಗೇನು ಗೊತ್ತು?' ಎಂದು ಯಾರಿಗೋ ಉತ್ತರ ಕೊಡುತ್ತಿರುವಂತೆ ನಿಂತಿದ್ದೇನೆ. ಕಾಲವಾದ ನನ್ನ ಸೋದರತ್ತೆಯಂತೂ ಅದನ್ನು ನೋಡಿದಾಗಲೆಲ್ಲ ಕುತ್ತಿಗೆ ವಾಲಿಸುತ್ತಿದ್ದರು. ಮಾವನ ಎದುರಿಗೆ ಮಾತ್ರ ನಾನು "ಎಂಥಾ ಹೊಲಿಗೆ ಮಾವ!" ಎನ್ನುತ್ತಲೇ ಬಂದಿದ್ದೇನೆ. ಅವರು ಮೀಸೆಯಲ್ಲೇ ನಗುತ್ತ ಬಂದಿದ್ದಾರೆ.

ಕೋಟನ್ನು ಮಡಿಸಿ ಖಾನೆಗೆ ತುರುಕಿದೆ. ಅಂಚಿನಿಂದ ಅಂಚಿಗೆ ಬಿಗಿಯಾಗಿ ಕೂತಿತು. ಅದರ ಆಯುಷ್ಯದಲ್ಲೇ ಮೊದಲ ಬಾರಿಗೆ ಎಲ್ಲೋ ಒಂದು ಕಡೆ ಸರಿಯಾಗಿ ಕೂತಿತು! ಬೋರ್ಡು ಹೊಡೆದು ಮುಚ್ಚಿದೆ.

ಮಾವ ಬಂದರು. ಗೋಡೆ ಮುಟ್ಟಿದರು, ಹುಬ್ಬೇರಿಸಿದರು. "ಪರವಾಗಿಲ್ವೇ!" ಎಂದರು. ಹೊರಗೆ ಚಳಿ ಹಲ್ಲು ಕಡಿಯುತ್ತಿದ್ದರೂ ಕೋಣೆ ತಾಯಿಯ ಮಡಿಲು. ಬಸ್ಸುಗಳು ಬಾಯಿಗೆ ಬಟ್ಟೆ ಕಟ್ಟಿಕೊಂಡಂತೆ ಓಡಾಡುತ್ತಿದ್ದವು. ಅವರ ಕತ್ತರಿ, ದಾರದ ಉಂಡೆಗಳಿಗೆಂದು ರೀಪಿನ ಸಾಲಿನಲ್ಲೇ ಒಂದು ಹಲಗೆಯನ್ನೂ ಹೊಡೆದುಕೊಟ್ಟಿದ್ದೆ. ಅದರ ಮೇಲಿಟ್ಟ ದಾರದ ಉಂಡೆಗಳು ಮಾತ್ರ ಎಲ್ಲೇ ಇಟ್ಟರೂ ಉರುಳಿಕೊಂಡು ಬಲಗಡೆಯ ಮೂಲೆಗೆ ಹೋಗಿ ಸೇರುತ್ತಿದ್ದವು. ಮಾವ ಅದನ್ನು ನೋಡಿದರು. ನನ್ನನ್ನೂ ನೋಡಿದರು.

ಹೆಂಡತಿ ಅಕ್ಕನಿಗೆ ಫೋನ್ ಮಾಡಿ, ಏನೋ ನೆನಪಾದವಳಂತೆ, ಗೋಡೆಯ ಸುದ್ದಿ ತೆಗೆದಳು. ನಾನು ಎದೆಯುಬ್ಬಿಸಿ ಓಡಾಡಿದೆ.

ಮುಂದಿನ ಭಾನುವಾರ ಊಟವಾಗಿ ಮಾವ ತಮ್ಮ ಕೋಣೆಯಲ್ಲಿ ಅಡ್ಡಾಗಿದ್ದರು. ಪಕ್ಕದ ಕೋಣೆಯಲ್ಲಿ ನಾನು ಹೆಂಡತಿಗೆ ಕೋಟಿನ ಸಮಾಧಿಯ ಕಥೆಯನ್ನು ಅಭಿನಯ ಸಹಿತ ಹೇಳಿದೆ. "ಅಯ್ಯೋ ಪಾಪಿ!" ಎಂದು ಮೊದಲು ತಲೆ ಚಚ್ಚಿಕೊಂಡಳು. ನಾನು ಫೋಟೋದ ಭುಜಗಳನ್ನು ಮಾಡಿ ತೋರಿಸಿದಾಗ ದಿಂಬಿಗೆ ಮುಖ ಒತ್ತಿಕೊಂಡು ನಕ್ಕಳು.

ಮರುದಿನ ಬೆಳಿಗ್ಗೆ ಮಾವ ಕಾಫಿ ಹೀರುತ್ತ ಹೇಳಿದರು: "ಅಳಿಯಂದ್ರೇ, ಸುಮ್ನೆ ಕೂತು ಬೇಜಾರು. ನಿಮ್ಮ ಮದುವೆ ಕೋಟು ಕೊಡಿ, ಒಂದಿಷ್ಟು ರಿಪೇರಿ ಮಾಡೋಣ."

ಕಾಫಿ ನನ್ನ ಮೂಗಿಗೆ ಹತ್ತಿತು. "ಅದು... ಡ್ರೈಕ್ಲೀನಿಂಗಿಗೆ ಕೊಟ್ಟಿದೀನಿ ಮಾವ."

"ಯಾವ ಅಂಗಡಿ? ನಾನೇ ತರ್ತೀನಿ. ವಾಕಿಂಗೂ ಆಯ್ತು."

"ಅಲ್ಲಲ್ಲ, ಅಲ್ಲಿಂದ ತಂದಾಯ್ತು. ಆಫೀಸಿನ ಗ್ರಾಂ ಯಾವುದೋ ಮದುವೆಗೆ ಬೇಕು ಅಂತ ಇಸ್ಕೊಂಡ."

ಸಂಜೆ ಮನೆಗೆ ಬಂದರೆ ಮಾವ ಬಾಗಿಲಲ್ಲೇ ಕೂತಿದ್ದರು. "ನಿಮ್ಮ ಆಫೀಸಿನ ಕಡೆ ಹೋಗಿದ್ದೆ. ನೀವು ಊಟಕ್ಕೆ ಹೋಗಿದ್ರಿ. ಆ ಗ್ರಾಂ ಅವರನ್ನ ನೋಡ್ದೆ. ನಿಮ್ಮ ಕೋಟು ಅವರ ಒಂದು ತೋಳಿಗೆ ಆಗುತ್ತೆ. ಇನ್ನೊಂದು ತೋಳಿಗೆ ಏನು ಹಾಕೊಂಡು ಹೋದ್ರಂತೆ ಮದುವೆಗೆ?"

ಇನ್ನು ಉಳಿದದ್ದು ಒಂದೇ ದಾರಿ. ಮಾರನೆಯ ದಿನ ರಜೆ ಹಾಕಿದೆ. ಮಾವ ವಾಕಿಂಗಿಗೆ ಹೊರಟ ತಕ್ಷಣ ಸುತ್ತಿಗೆ ಹಿಡಿದು ಅವರ ಕೋಣೆಗೆ ನುಗ್ಗಿದೆ. ಹೆಂಡತಿ ಬಾಗಿಲಲ್ಲಿ ಕಾವಲು. ಆಗಲೇ ಮಂಚದ ಬುಡದಲ್ಲಿ ಅವಳ ಕಣ್ಣಿಗೆ ಬಿತ್ತು, ಮಾವನ ಚೀಲ. ಕಟ್ಟಿ, ಜಿಪ್ಪು ಎಳೆದು, ಮೇಲೆ ಟವೆಲ್ ಮಡಿಸಿಟ್ಟ ಚೀಲ!

"ರೀ, ಅಪ್ಪ ಹೊರಟಿದಾರೆ!" ಅವಳು ಓಡಿಹೋಗಿ ಚೀಲ ಎತ್ತಿಕೊಂಡಳು.

"ಕೋಟು ಕೈಗೆ ಬರ್ಲಿ, ನಾನು ನಿಲ್ಲಿಸ್ತೀನಿ!" ಎಂದು ಕಿಟಕಿ ಕೆಳಗಿನ ಬೋರ್ಡಿಗೆ ಸುತ್ತಿಗೆಯ ಹಿಂಬದಿ ಸಿಕ್ಕಿಸಿ ಎಳೆದೆ. ನಾನು ಎಳೆದದ್ದು ಒಂದು ಬೋರ್ಡು. ಬಂದದ್ದು ಇಡೀ ಸಂಸಾರ! ಬೋರ್ಡು, ಹಲಗೆ, ಕತ್ತರಿ, ದಾರದ ಉಂಡೆಗಳು, ಉಣ್ಣೆ ಎಲ್ಲವೂ ನನ್ನ ತಲೆಯ ಮೇಲೆ ಕುಸಿದವು. ಧೂಳಿನ ನಡುವೆ ಕೆರೆದುಕೊಳ್ಳುತ್ತ ತಡಕಾಡುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಇನ್ನೂ ಸ್ವಲ್ಪ ಬಲಕ್ಕೆ ಅಳಿಯಂದ್ರೇ. ಕಿಟಕಿ ಕೆಳಗಿನ ಖಾನೆ ಅಂದಿದ್ರಲ್ಲ."

ಬಾಗಿಲಲ್ಲಿ ಮಾವ! ಕಾವಲಿದ್ದವಳು ಚೀಲ ತಬ್ಬಿಕೊಂಡು ಕೂತಿದ್ದಳು.

"ನಿಮಗೆ ಹೇಗೆ..."

"ನೀವು ಮುಚ್ಚಿದ್ದು ಬೀದಿ ಕಡೆ ಗೋಡೆ. ನಿಮ್ಮ ಕೋಣೆಗೂ ಇದಕ್ಕೂ ನಡುವೆ ಇರೋದು ಅದೇ ಹಳೇ ಹಲಗೆ ಗೋಡೆ. ಮೊದಲು ಬಸ್ಸಿನ ಗಲಾಟೆಲಿ ಏನೂ ಕೇಳ್ತಿರ್ಲಿಲ್ಲ. ಈಗ ನಿಮ್ಮ ಕೃಪೆಯಿಂದ ಒಂದೊಂದು ಅಕ್ಷರವೂ ಕೇಳುತ್ತೆ."

ಹೊರಗಿನದನ್ನು ಹೊರಗೆ, ಒಳಗಿನದನ್ನು ಒಳಗೆ! ಐಸ್ ಮಾರುವವನು ಮತ್ತೆ ಬಂದು ಕಿವಿ ಹಿಂಡಿದಂತಾಯಿತು.

"ತಪ್ಪಾಯ್ತು ಮಾವ. ಆದ್ರೆ ನಿಜ ಹೇಳ್ತೀನಿ, ಆ ಕೋಟಿನ ಭುಜ ಸೊಟ್ಟ. ಅಷ್ಟಕ್ಕೆ ಮನೆ ಬಿಟ್ಟು ಹೋಗ್ಬೇಡಿ."

ಮಾವ ಒಳಗೆ ಹೋಗಿ ಮದುವೆಯ ಫೋಟೋ ತಂದರು. ಗೋಡೆಯಲ್ಲಿ ಬೆತ್ತಲಾಗಿ ನಿಂತಿದ್ದ ರೀಪಿನ ಪಕ್ಕಕ್ಕೆ ಹಿಡಿದರು. ಎಡಗಡೆ ಮೇಲೆ, ಬಲಗಡೆ ಕೆಳಗೆ. ಫೋಟೋದಲ್ಲೂ ಅದೇ, ಗೋಡೆಯಲ್ಲೂ ಅದೇ. ಒಂದು ಕೂದಲೆಳೆ ವ್ಯತ್ಯಾಸವಿಲ್ಲ!

"ಮಗಳೇ, ಈ ಗೆರೆ ಹಾಕಿದ್ದು ಹೇಗೆ?"

"ಇವರ ಭುಜದ ಮೇಲೆ ರೀಪು ಇಟ್ಟು."

"ಆಗ ಇವರು ನನ್ನ ಕೋಟು ಹಾಕೊಂಡಿದ್ರಾ?"

"ಇಲ್ಲಪ್ಪ. ಬರೀ ಬನಿಯನ್ನು."

ನಾನು ಇನ್ನಷ್ಟು ಜೋರಾಗಿ ಕೆರೆದುಕೊಂಡೆ. ಹೆಂಡತಿ ನನ್ನ ಭುಜಗಳನ್ನು, ಮದುವೆಯಾದಮೇಲೆ ಇದೇ ಮೊದಲು ಎಂಬಂತೆ, ಒಂದಾದಮೇಲೊಂದು ನೋಡಿದಳು.

ಮಾವ ಶರಟಿನ ತೋಳು ಮೇಲೇರಿಸಿದರು. "ಆ ಚೀಲ ಬಿಚ್ಚಮ್ಮ. ಹೊರಡೋನಿದ್ದೆ, ನಿಜ. ಆದ್ರೆ ಈ ಗೋಡೆನ ಹೀಗೆ ಬಿಟ್ಟುಹೋದ್ರೆ ನಂಗೆಲ್ಲೂ ನಿದ್ದೆ ಬರಲ್ಲ. ಪಕ್ಕದ ಮನೆಯಿಂದ ರಸಮಟ್ಟ ತಗೊಂಡು ಬಾ. ಹೊರಗಿನ ಗೋಡೆ ಮುಗಿದ ಮೇಲೆ ನಡುವಿನ ಗೋಡೆಗೂ ಲೈನಿಂಗ್ ಹಾಕೋಣ. ಅಲ್ಲಿವರೆಗೂ ನಾನಿಲ್ಲೇ."

ಅವಳು ಕಣ್ಣೊರೆಸಿಕೊಳ್ಳುತ್ತ, ನಗುತ್ತ ಓಡಿದಳು. ನಾನು ರಾಶಿಯಡಿಯಿಂದ ಕೋಟನ್ನು ಎಳೆದು, ಕೊಡವಿ ಅವರ ಕೈಗಿತ್ತೆ. ಆದರೂ ಒಂದು ಪ್ರಶ್ನೆ ಬಾಕಿ ಇತ್ತು.

"ಮಾವ, ಮದುವೆಗೆ ಮೊದಲು ಕೋಟು ತೊಡಿಸಿ ನೋಡಿದಾಗ್ಲೇ ನನ್ನ ಭುಜ ಸೊಟ್ಟ ಅಂತ ನಿಮಗೆ ಗೊತ್ತಾಗಿತ್ತು. ಮತ್ತೆ ಮಗಳನ್ನ ಯಾಕೆ ಕೊಟ್ರಿ?"

ಮಾವ ಕೋಟಿಗಂಟಿದ ಉಣ್ಣೆಯನ್ನು ಕಿತ್ತು ಬಿಸಾಡುತ್ತ, ತಲೆ ಎತ್ತದೇ ಹೇಳಿದರು:

"ಅಷ್ಟು ಹೊತ್ತಿಗೆ ಬಟ್ಟೆ ಕತ್ತರಿಸಿಯಾಗಿತ್ತಪ್ಪ."