ಆರು ಗಂಟೆಗೆ ನಿಂತ ತಾರಸಿ

ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ರಸ್ತೆಯಲ್ಲಿ ಸಂಜೆ ಆರರ ನಂತರ ಕಟ್ಟಡ ಕೆಲಸದ ಯಂತ್ರಗಳು ಸದ್ದು ಮಾಡುವಂತಿಲ್ಲ. ಈ ನಿಯಮದ ಪಿತಾಮಹ ನಾನೇ! ಪಕ್ಕದ ಮನೆಯ ಫಯಾಜ್ ಸಾಹೇಬರು ಟೈಲ್ಸ್ ಹಾಕಿಸುವಾಗ ಗಡಿಯಾರ ಹಿಡಿದು ಅವರ ಗೇಟಿನಲ್ಲಿ ನಿಂತು, ಅರ್ಧ ಕೊಯ್ದ ಟೈಲನ್ನು ಹಾಗೇ ಬಿಡಿಸಿದ್ದೆ. "ನಿಯಮ ಅಂದ್ರೆ ನಿಯಮ ರೀ" ಎಂದು ಭಾಷಣ ಬೇರೆ ಬಿಗಿದಿದ್ದೆ.

ಆಮೇಲೆ ನಮ್ಮದೇ ಮಹಡಿಯ ಕೋಣೆಗೆ ತಾರಸಿ ಹಾಕುವ ದಿನ ಬಂತು. ಕಾಂಕ್ರೀಟ್ ಕಲಸುವ ಮಿಷಿನ್ನನ್ನು ಟ್ರ್ಯಾಕ್ಟರ್ ಹರಿಹರದಿಂದ ಎಳೆದು ತರಬೇಕಿತ್ತು. ಡ್ರೈವರಿಗೆ ದಾರಿ ತಪ್ಪೀತೆಂದು ನಾನೇ ಅಲ್ಲಿಗೆ ಹೋಗಿ, "ನನ್ನ ಬಿಳಿ ಸ್ಕೂಟರ್ ಹಿಂದೇನೇ ಬರ್ರಿ" ಎಂದು ಮುಂದೆ ಹೊರಟೆ. ಮನೆ ಮುಟ್ಟಿ ತಿರುಗಿ ನೋಡಿದರೆ ಟ್ರ್ಯಾಕ್ಟರೇ ಇಲ್ಲ! ಫೋನ್ ಮಾಡಿದೆ.

"ಸರ್, ಆನಗೋಡಿಗೆ ಬಂದೀನಿ. ಇಲ್ಲಿ ನೋಡಿದ್ರೆ ಸ್ಕೂಟರ್‌ನಾಗೆ ಬ್ಯಾರೆ ಯಾರೋ ಅದಾರೆ!"

ಪಾಪ, ಯಾರದೋ ಬಿಳಿ ಸ್ಕೂಟರನ್ನು ನಂಬಿ ದಾವಣಗೆರೆಯನ್ನೇ ದಾಟಿಬಿಟ್ಟಿದ್ದ. ಅವನು ವಾಪಸ್ ಬಂದು ಕೆಲಸ ಶುರುವಾಗುವಾಗ ಮಧ್ಯಾಹ್ನದ ಊಟ ಮುಗಿದಿತ್ತು. ಇನ್ನೂ ಕಾಲು ಭಾಗ ತಾರಸಿ ಬಾಕಿ ಇರುವಾಗ ಫಯಾಜ್ ಸಾಹೇಬರು ನಮ್ಮ ಗೇಟಿಗೆ ಬಂದು ನಿಂತರು.

"ಆರಾಯ್ತು ನೋಡ್ರಿ."

ಉಳಿದದ್ದನ್ನು ನಾಳೆ ಹಾಕಿದರೆ ಸಂದಿಯಲ್ಲಿ ಮಳೆನೀರು ಇಳಿದು ಕೋಣೆಯೆಲ್ಲ ಕೆರೆ! "ಸಾಹೇಬ್ರೇ, ಇವತ್ತೊಂದಿನ..." ಎಂದು ಹಲ್ಲು ಗಿಂಜಿದೆ.

"ಮಿಷಿನ್ ಬಂದ್ ಅಂದ್ರೆ ಬಂದ್. ಕೈಯಾಗೆ ಕಲ್ಸಾಕೆ ಯಾವ ನಿಯಮ ಅಡ್ಡ ಐತ್ರಿ?" ಎಂದವರೇ ಅಂಗಿಯ ತೋಳು ಮಡಚಿ ಸಲಿಕೆ ಹಿಡಿದರು. ಅವರ ಮನೆಯವರು, ಎದುರು ಮನೆಯವರು, ಎಲ್ಲರೂ ಕೆಲಸಗಾರರ ಜೊತೆ ಸಾಲಾಗಿ ನಿಂತು ಬುಟ್ಟಿ ಸಾಗಿಸಿದರು. ನನಗೆ ನಾಚಿಕೆಯೂ ಆಯಿತು, ಕಣ್ಣೂ ತುಂಬಿತು. ಆದರೆ ಮನೆ ಯಜಮಾನನಲ್ಲವೇ? ಮೆಟ್ಟಿಲ ಮೇಲೆ ನಿಂತು ಮೇಲ್ವಿಚಾರಣೆಗೆ ತೊಡಗಿದೆ.

"ಬ್ಯಾಗ ಬ್ಯಾಗ! ಆ ಮೂಲೆಗೆ ಹಾಕ್ರಿ! ಅಲ್ಲಲ್ಲ, ಈ ಮೂಲೆಗೆ!"

ನನ್ನ ಹೆಂಡತಿ ಸರೋಜ ಬುಟ್ಟಿಯನ್ನು ಕೆಳಗಿಟ್ಟಳು. "ಫಯಾಜಣ್ಣ, ಇನ್ನೂ ಒಂದು ಮಿಷಿನ್ ಓಡ್ತಾನೇ ಐತೆ ನೋಡ್ರಿ!"

"ಹೌದಲ್ಲಮ್ಮ! ಮೊದ್ಲು ಅದನ್ನ ಬಂದ್ ಮಾಡ್ಸು!"

ಇಡೀ ರಸ್ತೆ ಬಿದ್ದು ಬಿದ್ದು ನಕ್ಕಿತು. ನಾನು ಬಾಯಿ ಮುಚ್ಚಿಕೊಂಡು ಬುಟ್ಟಿ ಎತ್ತಿದೆ.

ತಾರಸಿ ಇವತ್ತಿನವರೆಗೂ ಒಂದು ಹನಿ ಸೋರಿಲ್ಲ. ಅದರಲ್ಲೂ ನಾನು ಸುಮ್ಮನಾದ ಮೇಲೆ ಹಾಕಿದ ಭಾಗವೇ ಹೆಚ್ಚು ಗಟ್ಟಿ ಎಂದು ಸರೋಜ ಬಂದವರಿಗೆಲ್ಲ ಕೈ ಮಾಡಿ ತೋರಿಸುತ್ತಾಳೆ!