ನನ್ನ ತಾಯಿಯ ಜಾಗದಲ್ಲಿ ನಿಂತಿರುವ ಕಾರ್ಪೊರಲ್ ಮೇಬಲ್ ಅವರಿಗೆ

ಶತ್ರುನೌಕಾ ಸಂಹಾರಿಣಿ, ಅಮೆರಿಕದ ಕಾಮಿಕ್ಸ್ ಪುಸ್ತಕಗಳ ಮಾಜಿ ವೀರವನಿತೆ ಕಾರ್ಪೊರಲ್ ಮೇಬಲ್ ಅವರ ಸನ್ನಿಧಾನಕ್ಕೆ, ದಾವಣಗೆರೆ ಸರಸ್ವತಿ ನಗರದ ನಿವೃತ್ತ ಶಿಕ್ಷಕಿ ಓಬಕ್ಕ ಮಾಡುವ ನಮಸ್ಕಾರಗಳು.

ಮಾನ್ಯರೇ,

1942ರಲ್ಲಿ ಅವತರಿಸಿ, ಹಗಲು ಟೈಪಿಸ್ಟ್ ಕೆಲಸ ಮಾಡಿ, ಸಂಜೆ ಕಣ್ಣಿಗೆ ಕಪ್ಪು ಮುಖವಾಡ ಕಟ್ಟಿಕೊಂಡು, ಮೊದಲೇ ಮುಳುಗಿರುವ ಜಲಾಂತರ್ಗಾಮಿಗಳನ್ನು ಬರಿಗೈಯಲ್ಲಿ ಗುದ್ದಿ ಇನ್ನಷ್ಟು ಮುಳುಗಿಸಿ, ಒಂಬತ್ತೇ ಸಂಚಿಕೆಗಳಲ್ಲಿ ಮರೆಯಾದ ತಮ್ಮನ್ನು ತಮ್ಮ ದೇಶದವರೇ ಮರೆತಿದ್ದಾರೆಂದು ಮೊಮ್ಮಗಳು ಸುನೀತಾ ಕಂಪ್ಯೂಟರಿನಲ್ಲಿ ಓದಿ ಹೇಳಿದಾಗ ನನಗೆ ನಿಜಕ್ಕೂ ಬೇಸರವಾಯಿತು. ಆದರೂ ತಮ್ಮ ಮೇಲೆ ಒಂದು ದೂರಿದೆ.

ಅದೇ ವರ್ಷ ಕೊಂಡಜ್ಜಿಯ ನನ್ನ ತಾಯಿ ಉಡಚಮ್ಮ, ಚಳವಳಿಯವರ ಚೀಟಿಗಳನ್ನು ಜೋಳದ ರೊಟ್ಟಿಗಳ ನಡುವೆ ಇಟ್ಟು, ಬುತ್ತಿಗಂಟು ತಲೆಯ ಮೇಲೆ ಹೊತ್ತು, ಪೊಲೀಸರ ಎದುರೇ ಹರಿಹರದ ಸೇತುವೆ ದಾಟುತ್ತಿದ್ದಳು. ಮುಖವಾಡ ಹಾಗಿರಲಿ, ಅವಳದೊಂದು ಫೋಟೋ ಕೂಡ ಇಲ್ಲ. ನನಗೆ ಐದು ತುಂಬುವ ಮೊದಲೇ ತೀರಿಕೊಂಡಳು.

ಮೂರು ವರ್ಷದ ಹಿಂದೆ ನಮ್ಮ ಬಡಾವಣೆಯ ಸ್ವಾತಂತ್ರ್ಯೋತ್ಸವ ಸಮಿತಿಯವರು ಅವಳ ಹೆಸರಿನಲ್ಲಿ ಫ್ಲೆಕ್ಸ್ ಹಾಕಿಸಲು ಹೊರಟರು. “ಫೋಟೋ ಇಲ್ಲಾಂದ್ರ ಏನಾತು ಬಿಡ್ರಿ ಅಮ್ಮಾ, ಆ ಕಾಲದ್ದು ಒಂದು ಚಂದದ ಮುಖ ನಾನೇ ಹುಡುಕಿ ಹಾಕ್ತೀನಿ” ಎಂದ ಫ್ಲೆಕ್ಸ್ ಅಂಗಡಿಯ ಮಾಲತೇಶನಿಗೆ ಸಿಕ್ಕವರು ತಾವು. ಅವನು ತಮಗೆ ಇಳಕಲ್ ಸೀರೆ ಉಡಿಸಿ, ಕಾಸಗಲ ಕುಂಕುಮ ಇಟ್ಟು, ಅಳಿಸಲು ಬಾರದ ಮುಖವಾಡವನ್ನು ಕನ್ನಡಕ ಮಾಡಿಬಿಟ್ಟ. ಓದು ಬಾರದ ನನ್ನ ತಾಯಿ ಹೀಗೆ ಕನ್ನಡಕಧಾರಿಯಾದಳು. ತಾವು ಅದರಲ್ಲಿ ಲಕ್ಷಣವಾಗಿ ಕಾಣುತ್ತೀರಿ, ಒಪ್ಪುತ್ತೇನೆ.

ತಪ್ಪು ನನ್ನದೂ ಇದೆ. ಹಿರಿಯರ ಹಬ್ಬದಲ್ಲಿ ಎಲ್ಲರೂ ತೀರಿಹೋದವರ ಫೋಟೋ ಇಟ್ಟು ಎಡೆ ಹಾಕುವಾಗ, ಇಷ್ಟು ವರ್ಷ ಬರೀ ತಂಬಿಗೆಗೆ ಸೀರೆ ಸುತ್ತಿ ಕೈಮುಗಿದ ನಾನು, ಒಂದು ಮುಖ ಸಿಕ್ಕಿತಲ್ಲ ಎಂಬ ಆಸೆಗೆ, ಯಾರದೆಂದು ವಿಚಾರಿಸದೆ, ತಮಗೆ ಕಟ್ಟು ಹಾಕಿಸಿ ಕೂರಿಸಿದೆ. ಮೂರು ಹಬ್ಬಗಳಿಂದ ತಾವು ಹೋಳಿಗೆಯನ್ನೂ ಅವಳಿಗೆ ಇಷ್ಟವಿತ್ತೆನ್ನುವ ಪುಂಡಿಪಲ್ಲೆಯನ್ನೂ ಸ್ವೀಕರಿಸಿದ್ದೀರಿ, ಉಪ್ಪು ಕಡಿಮೆಯೆಂದು ಒಮ್ಮೆಯೂ ಆಕ್ಷೇಪಿಸಿಲ್ಲ. ಈ ವರ್ಷ ಸುನೀತಾ ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ಹುಡುಕಿದ ಮೇಲೆಯೇ ತಾವು ಯಾರೆಂದು ನನಗೆ ತಿಳಿದದ್ದು.

ತೊಂದರೆಯೇನೆಂದರೆ, ಮೊದಲೆಲ್ಲ ಅವ್ವನ ಮುಖ ಮಸುಕು ಮಸುಕಾಗಿಯಾದರೂ ನೆನಪಿಗೆ ಬರುತ್ತಿತ್ತು. ಈಗ ಕಣ್ಣು ಮುಚ್ಚಿದರೆ ಕನ್ನಡಕ ಹಾಕಿಕೊಂಡು ತಾವೇ ಬರುತ್ತೀರಿ. ನನಗೆ ಬಹಳ ಸಂಕಟವಾಗುತ್ತದೆ. ಆದಕಾರಣ, ಸಮುದ್ರದೊಳಗಿನ ಹಡಗುಗಳನ್ನೇ ಅಲುಗಾಡಿಸಿದ ತಾವು, ದಯವಿಟ್ಟು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲಬೇಕಾಗಿ ಪ್ರಾರ್ಥನೆ. ತಮ್ಮ ಹಿಂದೆ ಅವಳು ಇನ್ನೂ ಇರಬಹುದು.

ತಮಗೆ ಮೂರು ವರ್ಷ ಎಡೆ ಇಟ್ಟ,
ತಮ್ಮ ವಿಶ್ವಾಸಿ,
ಓಬಕ್ಕ

ತಾ.ಕ.: ತಮ್ಮ ಪೂರ್ವಾಪರವನ್ನು ಸಮಿತಿಯ ಅಧ್ಯಕ್ಷ ಕಲ್ಲೇಶಪ್ಪನವರಿಗೆ ತಿಳಿಸಿದೆ. ಅವರು ಸಭೆ ಕರೆದು, ಕೂಲಂಕಷವಾಗಿ ಚರ್ಚಿಸಿ, ಜನರಿಗೆ ಮುಖ ರೂಢಿಯಾಗಿರುವುದರಿಂದ ಅದು ಹಾಗೆಯೇ ಇರಲೆಂದೂ, ಬರುವ ವರ್ಷದಿಂದ ಫ್ಲೆಕ್ಸಿನ ಕೆಳಗಿರುವ ಉಡಚಮ್ಮ ಎಂಬ ಹೆಸರನ್ನು ಮಾತ್ರ ತೆಗೆಯುವುದೆಂದೂ ಸರ್ವಾನುಮತದಿಂದ ತೀರ್ಮಾನಿಸಿದ್ದಾರೆ. ತಮಗೆ ಅಭಿನಂದನೆಗಳು.