ಅಕ್ಕನ ಜಗುಲಿಯ ಮೇಲೆ ಇವತ್ತಿನ ಸಾರು

ನಮ್ಮ ಭಾವನ ಸುಪರ್ದಿಯಲ್ಲಿ ಒಂದು ಊರಿದೆ, ಆ ಊರಲ್ಲಿ ಸತ್ತವರಿಗೂ ಮನೆಯುಂಟು ಅಂತ ಹೇಳಿದರೆ ನೀವು ನಗುತ್ತೀರಿ. ನಗಿ, ನಗಿ! ನಾನೂ ಹಾಗೇ ನಕ್ಕವಳು. ಹೋದ ಅವರೆಕಾಯಿ ಕಾಲದಲ್ಲಿ, ಹಾಡಹಗಲು, ಮಳವಳ್ಳಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ನನ್ನ ಮೈಯೆಲ್ಲ ಜುಮ್ಮೆಂದಿತಲ್ಲ, ಅವತ್ತಿನಿಂದ ಆ ವಿಷಯಕ್ಕೆ ನಗುವುದನ್ನು ಬಿಟ್ಟಿದ್ದೇನೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಮನೆ ಮದ್ದೂರಿನಲ್ಲಿ, ಕೆಲಸ ಮಂಡ್ಯದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ. ಆ ಲ್ಯಾಬಿನ ಮೂಲೆಯಲ್ಲಿ ಹಗಲೂ ರಾತ್ರಿ ಗುಂಯ್ ಅನ್ನುವ ಒಂದು ಸರ್ವರ್ ಇದೆ. ಕಾಲೇಜಿನ ವೆಬ್‌ಸೈಟು ನಡೆಯುವುದು ಅದರ ಮೇಲೆಯೇ. ಕಾಲೇಜಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಭಾವ ಅದರೊಳಗೆ ಒಂದೊಂದು ಜಾಗ ಮಾಡಿಕೊಟ್ಟಿದ್ದಾರೆ. ಅದನ್ನು ಅವರು ಕರೆಯುವುದೇ 'ಮನೆ' ಅಂತ. ಕಾಲೇಜಿನ ವಿಳಾಸ ಟೈಪು ಮಾಡಿ, ಕೊನೆಗೆ ಒಂದು ಅಂಕುಡೊಂಕು ಗೀಟು ಹಾಕಿ, ಅದರ ಪಕ್ಕ ನಿಮ್ಮ ಹೆಸರು ಬರೆದರೆ ಲೋಕದ ಯಾವ ಮೂಲೆಯಲ್ಲಿದ್ದವರೂ ನಿಮ್ಮ ಮನೆಗೆ ಬರಬಹುದು. ಬಂದವರಿಗೆ ಕಾಣುವುದು ಜಗುಲಿ ಮಾತ್ರ. ಜಗುಲಿ ಅಂದರೆ ಮನೆಯೊಳಗಿನ ಒಂದು ಫೋಲ್ಡರು, ಅಲ್ಲಿಟ್ಟದ್ದು ಊರಿಗೆಲ್ಲ ಕಾಣುತ್ತದೆ. ಉಳಿದದ್ದು ನಿಮ್ಮದು, ಖಾಸಗಿ.

ಇಷ್ಟು ಸರಳ! ಆದರೆ ಕಾಲೇಜಿನವರಿಗೆ ಇದು ಅರ್ಥವಾದರೆ ತಾನೇ? ಗಣಿತದ ಮೇಷ್ಟ್ರೊಬ್ಬರು ಬಂದು, "ಏನ್ರೀ, ನನ್ನ ಪುಟ ತೆಗೆದರೆ ಪ್ರವೇಶವಿಲ್ಲ ಅಂತ ನನಗೇ ಹೇಳುತ್ತಲ್ಲ!" ಅಂದರಂತೆ.

"ಬಾಗ್ಲಿಗೆ ಅಗುಳಿ ಜಡ್ಕೊಂಡು ಜಗುಲಿಗೆ ಬನ್ನಿ ಅಂದ್ರೆ ಯಾರ್ ಬಂದಾರು ಸಾರ್?" ಅಂದರು ಭಾವ. "ಈ ಊರಲ್ಲಿ ಜಗುಲಿ ಇರೋದೇ ಮನೆ ಒಳ್ಗೆ. ಬಂದೋರು ನಡುಮನೆ ದಾಟ್ಕೊಂಡೇ ಓಗ್ಬೇಕು. ದಾಟಕ್ಕೆ ಬುಡಿ, ನೋಡಕ್ಕೆ ಬುಡ್ಬೇಡಿ. ಅಷ್ಟೇಯ."

ಮೇಷ್ಟ್ರು ಅವಸರದ ಮನುಷ್ಯ. ದಾಟಲು, ನೋಡಲು, ಓದಲು ಎಲ್ಲದಕ್ಕೂ ಅನುಮತಿ ಕೊಟ್ಟು ಮನೆಯನ್ನು ಹಾರುಹೊಡೆದು ಹೋದರು. ಒಳಗೆ ಮುಂದಿನ ವಾರದ ಟೆಸ್ಟಿನ ಪ್ರಶ್ನೆಪತ್ರಿಕೆಯೂ ಇತ್ತು! ಇಡೀ ತರಗತಿಗೆ ಪೂರ್ತಿ ಅಂಕ ಬಂತು. ಮೇಷ್ಟ್ರು ಅದು ತಮ್ಮ ಪಾಠದ ಮಹಿಮೆ ಅಂದುಕೊಂಡು ಎಲ್ಲರಿಗೂ ಸ್ವೀಟು ಹಂಚಿದರಂತೆ.

ಭಾವನ ವಿಚಿತ್ರ ಏನೆಂದರೆ, ಕಂಪ್ಯೂಟರಿನ ಈ ಕಾನೂನನ್ನು ಅವರು ನಿಜವಾದ ಮನೆಗಳಲ್ಲೂ ಪಾಲಿಸುತ್ತಾರೆ! ಯಾರ ಮನೆಗೆ ಹೋದರೂ ನಡುಮನೆ ದಾಟುವಾಗ ತಲೆ ಎತ್ತುವುದಿಲ್ಲ. ಸೋಮನಹಳ್ಳಿಯ ಒಂದು ನಾಮಕರಣದಲ್ಲಿ ಕೈ ತೊಳೆಯಲು ಹಿತ್ತಿಲಿಗೆ ಹೊರಟವರು ನೆಲ ನೋಡಿಕೊಂಡು ಹೋಗಿ ಬೀಗರ ಹೊಟ್ಟೆಗೆ ಗುದ್ದಿದರು.

"ಕಣ್ ಕಾಣಕಿಲ್ವೇನ್ರೀ?" ಅಂತ ಬೀಗರು ರೇಗಿದರು.

"ಕಾಣ್ತದೆ. ನೋಡ್ಲಿಲ್ಲ, ಅಷ್ಟೆ," ಅಂದರು ಭಾವ.

ಇಂಥ ಮಹಾನುಭಾವನನ್ನು ಕಟ್ಟಿಕೊಂಡ ನಮ್ಮಕ್ಕ ಅದೇ ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದಳು. "ನಿಮ್ಮ ಜೊತೆ ಒಂದು ಮನೇಲಿ ಇರೋದೇ ಸಾಕಾಗದೆ, ಇನ್ನೊಂದು ಯಾಕೆ?" ಅಂತ ವರ್ಷಗಟ್ಟಲೆ ಬೇಡ ಅಂದವಳು, ಎಲ್ಲರಿಗಿಂತ ಕೊನೆಯಲ್ಲಿ ಒಪ್ಪಿಕೊಂಡಳು. ಒಪ್ಪಿಕೊಂಡು ಆ ಜಗುಲಿಯ ಮೇಲೆ ಏನು ಬರೆದಳು ಗೊತ್ತೇ? ದಿನಕ್ಕೊಂದು ಸಾಲು. 'ಇವತ್ತು ಉಪ್ಸಾರು. ಮನೆಯವರು ಉಪ್ಪು ಕಮ್ಮಿ ಅಂದರು.' 'ಇವತ್ತು ಸೊಪ್ಪಿನ ಸಾರು. ಮನೆಯವರು ಖಾರ ಅಂದರು.' ಹೀಗೆ ಒಂದರ ಮೇಲೊಂದು, ಲೋಕವೆಲ್ಲ ಓದುವ ಹಾಗೆ!

"ಊರಿಗೆಲ್ಲ ಗೊತ್ತಾಯ್ತದೆ ಕಣೇ," ಅಂತ ಭಾವ ಅಂಗಲಾಚಿದರೆ, "ಜಗುಲಿ ಇರೋದು ಇನ್ಯಾತಕ್ಕೆ?" ಅನ್ನುತ್ತಿದ್ದಳು. ಅವಳ ಬಾಯಿಗೆ ಎದುರಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ.

ಆ ಅಕ್ಕ ಒಂದು ಬೆಳಗ್ಗೆ ಸಾರು ಒಲೆಯ ಮೇಲಿರುವಾಗಲೇ ಅಡುಗೆಮನೆಯಲ್ಲಿ ಕುಸಿದು ಹೋಗಿಬಿಟ್ಟಳು. ಒಂದು ಮಾತು ಹೇಳಲಿಲ್ಲ, ಯಾರಿಗೂ ಕಾಯಲಿಲ್ಲ.

ಕಾಲೇಜು ಬಿಟ್ಟವರ ಹೆಸರನ್ನು ಸರ್ವರಿನಿಂದ ತೆಗೆಯಬೇಕು ಅನ್ನುವುದು ನಿಯಮ. ಭಾವ ನಿಯಮಕ್ಕೆ ಹುಟ್ಟಿದವರು. ಹೆಂಡತಿಯ ಹೆಸರನ್ನು ತಮ್ಮ ಕೈಯಾರೆ ತೆಗೆದರು. ಮನೆಯನ್ನು ಮಾತ್ರ ಕೆಡವಲಿಲ್ಲ. ಅದರಲ್ಲೂ ನಿಯಮ ಇತ್ತು ಅನ್ನಿ, ಹೆಸರು ತೆಗೆಯಿರಿ ಅಂದಿದ್ದಾರೆ, ಮನೆ ಕೆಡವಿ ಅಂದಿಲ್ಲವಲ್ಲ! ಅಕ್ಕನ ಪಿಂಚಣಿ ಕಾಗದಕ್ಕೆ ಅಂತ ನಾನು ಜೊತೆಗೆ ಹೋಗಿದ್ದ ದಿನ ಲ್ಯಾಬಿನಲ್ಲಿ ಅವರು ಆ ಊರನ್ನು ತೋರಿಸಿದರು. ಪರದೆಯ ಮೇಲೆ ಸಾಲಾಗಿ ಮನೆಗಳು. ಪ್ರತಿ ಮನೆಯ ಮುಂದೆ ಯಜಮಾನರ ಹೆಸರು. ನಡುನಡುವೆ ಕೆಲವು ಮನೆಗಳ ಮುಂದೆ ಹೆಸರಿಲ್ಲ, ಬರೀ ನಂಬರು.

"ಇವು ಯಾರವು ಭಾವ?"

"ತೀರ್ಕೊಂಡೋರವು. ಎಸ್ರು ತೆಗುದ್ರೆ ನಂಬರು ಉಳ್ಕತದೆ. ಇವ್ರು ಆಪೀಸಲ್ಲಿದ್ರು, ಗ್ಯಾಪ್ಕ ಐತಾ? ಇವ್ರು ಅಟೆಂಡರ್ರು." ಕೈ ಕೆಳಗಿಳಿದು ಕಟ್ಟಕಡೆಯ ನಂಬರಿನ ಮೇಲೆ ನಿಂತಿತು. "ಇದು ನಿಮ್ಮಕ್ಕ."

ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಆ ಯಂತ್ರ ಒಂದೇ ಸಮನೆ ಗುಂಯ್ ಅನ್ನುತ್ತಿತ್ತು. ಅಕ್ಕನ ಜಗುಲಿಯನ್ನು ತೆಗೆದರೆ ಅದು ತೆರೆಯಿತು! "ನಮ್ ಮಿಸನ್ನು ಎಸ್ರಿನ್ ಪಟ್ಟಿ ನೋಡಕಿಲ್ಲ, ನೆಟ್ಗೆ ಮನೆಗೇ ಕರ್ಕೊಂಡೋಯ್ತದೆ. ನಾನೇ ಅಂಗೆ ಕೂರ್ಸಿವ್ನಿ," ಅಂದರು ಭಾವ. ಮೇಲ್ಗಡೆ ಅವಳ ಕೊನೆಯ ಸಾಲು: 'ಇವತ್ತು ಬಸ್ಸಾರು. ಮನೆಯವರು ಉಪ್ಪು ಜಾಸ್ತಿ ಅಂದರು. ಅವರ ನಾಲಿಗೆಯೇ ಸರಿಯಿಲ್ಲ.' ನಾನು ನಕ್ಕೆ, ಆಮೇಲೆ ಅತ್ತೆ. ಭಾವ ಎರಡನ್ನೂ ಮಾಡಲಿಲ್ಲ.

ಅವರು ಮಾಡಿದ್ದು ಒಂದೇ, ಊಟ ಬಿಟ್ಟದ್ದು. ಹಟ ಮಾಡಿ ಬಿಟ್ಟದ್ದಲ್ಲ, ಮರೆತರು. ಬನ್ನು, ಟೀ, ಮತ್ತೆ ಟೀ. ನಾನು ಮಳವಳ್ಳಿಯಿಂದ ಡಬ್ಬಿ ತುಂಬಿಕೊಂಡು ಹೋಗಿ ಇಟ್ಟ ಸಾರು ಮುಂದಿನ ಭಾನುವಾರ ಹೋದಾಗಲೂ ಫ್ರಿಜ್ಜಿನಲ್ಲಿ ಹಾಗೇ ಇರುತ್ತಿತ್ತು. ಷರ್ಟು ಮೈಮೇಲೆ ನೇತಾಡತೊಡಗಿತು. ಬೈದೆ, ಅತ್ತೆ, ನಮ್ಮನೆಗೆ ಬಂದಿರಿ ಅಂತ ಕೈ ಹಿಡಿದು ಎಳೆದೆ. "ಸರಿ ಬುಡಮ್ಮ" ಅನ್ನುವರು, ಅಲ್ಲೇ ಕೂರುವರು. ಹೀಗೇ ಆದರೆ ಬೇಗನೆ ಇನ್ನೊಂದು ಮನೆಯ ಮುಂದೂ ಬರೀ ನಂಬರು ಉಳಿಯುತ್ತದಲ್ಲಪ್ಪ ಅಂತ ನನಗೆ ದಿಗಿಲಾಯಿತು.

ಆಗ ಬಂತು ನೋಡಿ, ನಾನು ಹೇಳಿದ ಆ ದಿನ. ಸ್ಟಾಫ್ ರೂಮಿನಲ್ಲಿ ಬಿಡುವಿದ್ದಾಗ ಫೋನಿನಲ್ಲಿ ಅಕ್ಕನ ಜಗುಲಿ ತೆಗೆಯುವುದು ನನ್ನ ರೂಢಿ. ತೆಗೆದೆ. ಬಸ್ಸಾರಿನ ಸಾಲಿನ ಮೇಲೆ ಇನ್ನೊಂದು ಹೊಸ ಸಾಲು ಕೂತಿತ್ತು.

'ಇವತ್ತು ಅವರೆಕಾಳು ಸಾರು. ಮನೆಯವರು ಏನೂ ಅನ್ನಲಿಲ್ಲ.'

ನಾನು ಕಿರುಚಿದೆನಂತೆ. ಎದುರಿಗೆ ಕೂತಿದ್ದ ಸಮಾಜವಿಜ್ಞಾನದ ಮೇಷ್ಟ್ರು ಕಾಲು ಮೇಲಕ್ಕೆತ್ತಿಕೊಂಡು, "ಏನ್ ಮೇಡಂ, ಹಾವಾ?" ಅಂದರು.

"ನಮ್ಮಕ್ಕ ಅವರೆಕಾಳು ಸಾರು ಮಾಡಿದ್ದಾಳೆ ಸಾರ್."

"ಒಳ್ಳೇದೇ ಆಯ್ತಲ್ಲ, ಅದಕ್ಯಾಕೆ ಕಿರುಚ್ತೀರಾ?"

"ಅವಳು ಸತ್ತು ವರ್ಷದ ಮೇಲಾಯ್ತು ಸಾರ್!"

ಮೇಷ್ಟ್ರು ತುತ್ತನ್ನು ಡಬ್ಬಿಗೆ ವಾಪಸು ಹಾಕಿ ಮುಚ್ಚಳ ಮುಚ್ಚಿದರು. ಅವರ ಡಬ್ಬಿಯಲ್ಲೂ ಅವರೆಕಾಳೇ ಇತ್ತು, ಪಾಪ!

ಭಾವನಿಗೆ ಫೋನು ಮಾಡಿದೆ. "ಊಂ, ಓದ್ದೆ," ಅಂದರು ಶಾಂತವಾಗಿ. "ಅರ್ಧ ದಿನ ರಜಾ ಆಕಿ ಅವರೇಕಾಯಿ ತಗೊಂಡೋಯ್ತಾ ಇವ್ನಿ. ಸುಲಿಯಕ್ಕೆ ವೊತ್ತಾಯ್ತದೆ, ಇಡ್ತೀನಿ." ಇಟ್ಟೇಬಿಟ್ಟರು!

ಆಮೇಲೆ ದಿನಾ ಒಂದು ಸಾಲು. ಸೊಪ್ಪಿನ ಸಾರು, ಹುರುಳಿಕಾಳು ಬಸ್ಸಾರು. ಪ್ರತಿ ಸಾಲಿನ ಕೊನೆಗೂ 'ಮನೆಯವರು ಏನೂ ಅನ್ನಲಿಲ್ಲ.' ಏನೂ ಅನ್ನಲಿಲ್ಲವಂತೆ! ಎಲ್ಲಿ ಕೂತು ನೋಡುತ್ತಿದ್ದಾಳೆ ಇವಳು? ನನಗೆ ಒಬ್ಬಳೇ ಅಡುಗೆಮನೆಯಲ್ಲಿ ನಿಲ್ಲುವುದಕ್ಕೂ ಧೈರ್ಯ ಸಾಲದಾಯಿತು.

ಭಾನುವಾರ ಬೆಳಗ್ಗೆ ಮೊದಲ ಬಸ್ಸು ಹಿಡಿದು ಮದ್ದೂರಿಗೆ ಹೋದೆ. ಬೀದಿಗೇ ವಾಸನೆ ಹೊಡೆಯುತ್ತಿತ್ತು, ನಮ್ಮಕ್ಕನ ಕೈಯ ಒಗ್ಗರಣೆಯ ವಾಸನೆ. ಹೊಸ್ತಿಲಲ್ಲೇ ನಿಂತೆ. ಒಳಗೆ ಭಾವ ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದರು. ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಉಪ್ ಕಮ್ಮಿ ಕಣೇ," ಅಂದರು.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ನಾನು ಇಣುಕಿಯೂ ನೋಡಿದೆ, ನೋಡದೆ ಇರಲಾಗಲಿಲ್ಲ!

ಸೋಮವಾರ ಜಗುಲಿ ತೆಗೆದೆ. 'ಇವತ್ತು ಉಪ್ಸಾರು. ಮನೆಯವರು ಉಪ್ಪು ಕಮ್ಮಿ ಅಂದರು.'

ಶಾಲೆಗೆ ಅರ್ಧ ದಿನ ರಜೆ ಬರೆದುಕೊಟ್ಟು ಸೀದಾ ಮಂಡ್ಯಕ್ಕೆ ಹೊರಟೆ. ದೆವ್ವವೋ ಮನುಷ್ಯರೋ ಇವತ್ತು ಇತ್ಯರ್ಥವಾಗಲಿ ಅಂತ. ಭಾವನಿಗೆ ಹೇಳದೆ ಅಕ್ಕನ ಲೈಬ್ರರಿಗೆ ನುಗ್ಗಿದೆ. ಅಕ್ಕನ ಟೇಬಲ್ಲಿನ ಹಿಂದೆ, ಅಕ್ಕನ ಕುರ್ಚಿಯಲ್ಲಿ ಒಂದು ಹುಡುಗಿ. ಹೊಸದಾಗಿ ಸೇರಿದವಳಂತೆ, ಗೆಜ್ಜಲಗೆರೆಯಿಂದ ಫ್ಯಾಕ್ಟರಿಯವರು ತುಂಬಿದ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಾಳಂತೆ. ಫೋನು ತೆಗೆದು ಮುಖದ ಮುಂದೆ ಹಿಡಿದೆ.

"ಇದನ್ನ ಬರೆಯೋದು ಯಾರಮ್ಮ?"

"ನಾನೇಯಾ ಮೇಡಂ. ಯಾಕೆ, ಇವತ್ತು ಬರೆದಿದ್ದು ಬಂದಿಲ್ವಾ?"

ಒಂದು ಕುರ್ಚಿ ಎಳೆದುಕೊಂಡು ಕೂತೆ. "ಯಾರು ಬರಿ ಅಂದೋರು?"

"ಯಾರೂ ಯೋಳ್ಲಿಲ್ಲ. ಸೇರ್ದಾಗ ಟೇಬಲ್ಲು, ಬೀರು ಬೀಗ್ದಕೈ, ಸೀಲು ಎಲ್ಲಾ ಕೊಟ್ರು. ಕಂಪ್ಯೂಟ್ರಲ್ಲಿ ನೋಡುದ್ರೆ ಇದೂ ನನ್ನೆಸ್ರಲ್ಲೇ ಇತ್ತು. ಈ ಸೀಟ್ನೋರು ದಿನಾ ಇದ್ನ ಬರೀಬೇಕೇನೋ ಅಂದ್ಕೊಂಡೆ. ನಮ್ಮವ್ವ ಬೆಳಗ್ಗೆ ಏನ್ ಮಾಡಿರ್ತದೋ ಅದ್ನೇ ಬರೀತೀನಿ."

"ಮತ್ತೆ ಈ ಮನೆಯವರು? ಉಪ್ಪು ಕಮ್ಮಿ ಅಂದೋರು ಯಾರು?"

ಹುಡುಗಿ ನಾಚಿಕೊಂಡಿತು. "ನಂಗಿನ್ನೂ ಮದ್ವೆ ಆಗಿಲ್ಲ ಮೇಡಂ. ಮೊದ್ಲಿಂದ್ಲೂ ಅಂಗೇ ಬರ್ದವ್ರಲ್ಲ, ಅದ್ಕೆ ಸೇರುಸ್ದೆ. ದಿನಾ ಏನೂ ಅನ್ನಲಿಲ್ಲ ಅಂದ್ರೆ ಚೆಂದಾಗಿರಕಿಲ್ಲ ಅಂತ ಇವತ್ತು ಅಳೇದ್ನೇ ನೋಡ್ಕೊಂಡು ಉಪ್ ಕಮ್ಮಿ ಅಂತ ಆಕ್ದೆ." ಆಮೇಲೆ ನನ್ನ ಮುಖ ನೋಡಿ ಹೆದರಿತು. "ತಪ್ಪಾಯ್ತಾ ಮೇಡಂ? ನಿಲ್ಲುಸ್ಬುಡ್ಲಾ?"

ನಿಲ್ಲಿಸು ಅನ್ನಲು ಬಾಯಿ ತೆಗೆದವಳು ಮುಚ್ಚಿಕೊಂಡೆ. "ನಾನು ಹೇಳೋವರೆಗೂ ಬರೀತಿರು," ಅಂದು ಎದ್ದೆ.

ಮದ್ದೂರಿನವರೆಗೂ ಬಸ್ಸಿನಲ್ಲಿ ಒಂದೇ ಯೋಚನೆ. ನಿಜ ಹೇಳಿದರೆ ಭಾವನ ಒಲೆ ಮತ್ತೆ ಆರುತ್ತದೆ. ಹೇಳದಿದ್ದರೆ ಅವರು ಖಾಲಿ ಅಡುಗೆಮನೆಯ ಜೊತೆ ಮಾತಾಡಿಕೊಂಡು ಪೂರ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಇದ್ದ ಒಬ್ಬಳೇ ಅಕ್ಕ ಹೋದಳು, ಅವಳು ಬಿಟ್ಟುಹೋದ ಈ ಮನುಷ್ಯನನ್ನೂ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಸಂಜೆ ಅವರು ಕಾಲೇಜಿನಿಂದ ಬಂದು ಬೀಗ ತೆಗೆಯುವವರೆಗೂ ಮನೆಯ ಮುಂದೆ ಕೂತು ಕಾದೆ. ಒಳಗೆ ಬಂದು ಅವರು ಉಪ್ಸಾರಿಗೆ ಕಾಳು ಬೇಯಲು ಇಟ್ಟರು. ಮುದ್ದೆಗೆ ಎಸರಿಟ್ಟರು. ಇನ್ನು ತಡೆಯಲಾರದೆ ಹೇಳಿಯೇಬಿಟ್ಟೆ.

"ಭಾವ, ಅದನ್ನ ಬರೆಯೋದು ಅಕ್ಕ ಅಲ್ಲ."

"ಗೊತ್ತು ಕಣಮ್ಮ," ಅಂದರು, ಒಲೆ ಸಣ್ಣ ಮಾಡುತ್ತಾ.

"ಗೊತ್ತಾ!"

"ಆ ಮಗೀಗೆ ಮನೆ ಮಾಡ್ಕೊಟ್ಟೋನೇ ನಾನು. ನಿಮ್ಮಕ್ಕಂದೇ ಕಡೇ ನಂಬ್ರು ಅಲ್ವಾ? ನಾನು ಎಸ್ರು ತೆಗುದ್ಮೇಲೆ ಆ ನಂಬ್ರು ಖಾಲಿ ಐತೆ ಅಂತ ಮಿಸನ್ನು ಅದ್ನೇ ತಗೊಂಡೋಗಿ ಆ ಮಗೀಗೆ ಕೊಟ್ಬುಡ್ತು. ನಂಬ್ರು ಯಾರ್ದೋ, ಮನೆ ಅವ್ರುದ್ದು. ನಿಮ್ಮಕ್ಕನ್ ಮನೆ ಮುಂದೆ ಆ ಮಗಿನ್ ಎಸ್ರು ಬಂತು. ಪಕ್ಕದಲ್ಲೇ ನಿಂತು ನೋಡ್ದೆ."

"ನಿಮ್ಮಂಥ ನಿಯಮದ ಮನುಷ್ಯ ಅದನ್ನ ಸರಿ ಮಾಡದೆ ಬಿಟ್ರಾ?"

"ಒಂದ್ ಸಾಲು ಟೈಪ್ ಮಾಡುದ್ರೆ ಸರಿ ಓಯ್ತದೆ. ಮಾಡವಾ ಅಂತ ಕೂತೆ. ಅಷ್ಟೊತ್ಗೆ ಬಂತು ನೋಡು, ಇವತ್ತು ಅವರೇಕಾಳ್ ಸಾರು ಅಂತ." ಭಾವ ಸೌಟಿನಿಂದ ಕಾಳು ತಿರುವಿದರು. "ಅಸಿವಾಯ್ತು ಕಣಮ್ಮ. ಅವ್ಳು ಓದ್ಮೇಲೆ ಅಸಿವು ಅಂದ್ರೇನು ಅಂತ್ಲೇ ಮರ್ತೋಗಿತ್ತು. ಅವತ್ತು ಆಯ್ತು. ಅದ್ಕೆ ಅಂಗೇ ಬುಟ್ಟೆ."

ಕೇಳದೆ ಇರಲಾರದ ಬಾಯಿ ನನ್ನದು. "ಆ ಹುಡುಗಿ ನಾಳೆ ಮದುವೆಯಾಗಿ ಎಲ್ಲಿಗಾದರೂ ಹೋದರೆ ಏನ್ಮಾಡ್ತೀರಾ ಭಾವ?"

"ಓಗ್ಲಿ, ಚೆಂದಾಗಿರ್ಲಿ. ಅಷ್ಟೊತ್ಗೆ ನಾನೊಬ್ನೇ ಉಣ್ಣಾದ ಕಲ್ತಿರ್ತೀನಿ."

ಸೆರಗಿಗೆ ಮುಖವಿಟ್ಟು ಅಲ್ಲೇ ಕೂತು ಅತ್ತುಬಿಟ್ಟೆ. ಅಕ್ಕ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಭಾವ ನನ್ನನ್ನೊಮ್ಮೆ, ಒಲೆಯನ್ನೊಮ್ಮೆ ನೋಡಿದರು. ಆಮೇಲೆ, "ಏಳು, ಕೈ ತೊಳ್ಕೊ. ಆರೋಯ್ತದೆ," ಅಂದರು.

ಇಬ್ಬರೂ ಎದುರುಬದುರು ಕೂತು ಉಂಡೆವು. ಅವರ ತಟ್ಟೆ ಬರಿದಾದದ್ದು ಕಂಡು, ಇನ್ನೊಂದು ಮುದ್ದೆ ಹಾಕಲಾ ಭಾವ ಅಂತ ಹೆದರಿ ಹೆದರಿ ಕೇಳಿದೆ.

"ಆಕಮ್ಮ," ಅಂದರು.